ಕಚ್ಚದ ಬೂಟು

ನಮ್ಮನೆಯವರು ಹೊಲಿದ ಬೂಟು ಕಚ್ಚುವುದಿಲ್ಲ ಎಂದು ಊರಲ್ಲೆಲ್ಲ ಹೆಸರು. ಹೊಸ ಬೂಟು ಮೆಟ್ಟಿಕೊಂಡು ಅಂಗಡಿಯ ಮೆಟ್ಟಿಲು ಇಳಿದವರು ಹಿಮ್ಮಡಿ ಸುಲಿಯದೆ, ಬೆರಳಲ್ಲಿ ಬೊಬ್ಬೆ ಏಳದೆ ಸೀದಾ ಮನೆ ಸೇರುತ್ತಾರೆ. ಅದು ಚರ್ಮದ ಗುಣ ಎಂದು ಕೆಲವರು, ಹೊಲಿಗೆಯ ಗುಣ ಎಂದು ಇನ್ನು ಕೆಲವರು. ಕೇಳಿದವರಿಗೆ ನಮ್ಮನೆಯವರು ತಲೆ ತಗ್ಗಿಸಿ ನಕ್ಕು, 'ಏನೋ, ಕೈಗುಣ' ಎಂದುಬಿಡುತ್ತಾರೆ. ಕೈಗುಣವೂ ಇಲ್ಲ, ಮಣ್ಣೂ ಇಲ್ಲ. ಆ ಬೂಟುಗಳೆಲ್ಲ ಮೊದಲು ನನ್ನನ್ನು ಕಚ್ಚುತ್ತವೆ. ಹಲ್ಲು ಮೊಂಡಾದ ಮೇಲೆ ಗಿರಾಕಿಯ ಮನೆಗೆ ಹೋಗುತ್ತವೆ.

ಇದಕ್ಕೆ ನಮ್ಮ ಮನೆಯಲ್ಲಿ ಹದ ಮಾಡುವುದು ಎನ್ನುತ್ತಾರೆ. ಹೆಂಗಸರ ಜೋಡು ಯಾವುದೇ ಸಿದ್ಧವಾಗಲಿ, ಅಂಗಡಿಯ ಹಿಂಬಾಗಿಲಿನಿಂದ ಅಡುಗೆಮನೆಗೆ ಬರುತ್ತದೆ. ನಾನು ಅದನ್ನು ಹಾಕಿಕೊಂಡು ಪಾತ್ರೆ ತೊಳೆಯಬೇಕು, ನೆಲ ಒರೆಸಬೇಕು, ಮಹಡಿ ಹತ್ತಿ ಬಟ್ಟೆ ಒಣಹಾಕಬೇಕು. ಮದುಮಗಳೊಬ್ಬಳ ಹೈಹೀಲ್ಸ್‌ನಲ್ಲಿ ನಿಂತು ಕಟ್ಟಿಕೊಂಡ ಬಚ್ಚಲ ಕೊಳವೆ ಬಿಡಿಸಿದ್ದೇನೆ. ನ್ಯಾಯಾಧೀಶರ ಹೆಂಡತಿಯ ಬೂಟಿನಿಂದ ಜಿರಲೆ ಹೊಡೆದು, ಅಟ್ಟೆ ಒರೆಸಿ ಕೊಟ್ಟಿದ್ದೇನೆ. ದೊಡ್ಡ ಅಳತೆಯಾದರೆ ಎರಡೆರಡು ಕಾಲುಚೀಲ, ಚಿಕ್ಕದಾದರೆ ಬರಿಗಾಲಿಗೆ ಒಂದಿಷ್ಟು ಪೌಡರು. ಗಂಡಸರ ಬೂಟುಗಳನ್ನು ನಮ್ಮನೆಯವರೇ ಹದ ಮಾಡುತ್ತಾರೆ. ಅಂದರೆ, ಹಾಕಿಕೊಂಡು ಅಂಗಡಿಯ ಮುಂದೆ ಕೂತು ಚಹಾ ಕುಡಿಯುತ್ತಾರೆ.

ನನಗಿಂತ ಮೊದಲು ಈ ಕೆಲಸ ಅತ್ತೆಯದು. ಅವರ ಬೆರಳುಗಳು ಗಂಟು ಕಟ್ಟಿ ಇನ್ನು ಯಾವ ಬೂಟಿಗೂ ಒಗ್ಗದಂತಾದಾಗ ಮಗನಿಗೆ ಹೆಣ್ಣು ಹುಡುಕಲು ಹೊರಟರು. ನನ್ನನ್ನು ನೋಡಲು ಬಂದ ದಿನ ನೆಲ ಬಿಟ್ಟು ಕಣ್ಣು ಎತ್ತಲಿಲ್ಲ. ಎಷ್ಟು ಸಂಕೋಚದ ಹೆಂಗಸು ಎಂದು ನಮ್ಮಮ್ಮ ಮೆಚ್ಚಿಕೊಂಡಳು. ಅವರು ನೋಡುತ್ತಿದ್ದದ್ದು ನನ್ನ ಪಾದವನ್ನು ಎಂದು ಆಮೇಲೆ ಗೊತ್ತಾಯಿತು. 'ನಡುವಿನ ಅಳತೆ ಕಣೋ, ಎಲ್ಲದಕ್ಕೂ ಆಗುತ್ತೆ. ಹೆಬ್ಬೆರಳಿಗಿಂತ ಪಕ್ಕದ್ದು ಸ್ವಲ್ಪ ಉದ್ದ ಇದೆ, ಇರಲಿ ಬಿಡು' ಎಂದು ಮಗನಿಗೆ ಹೇಳಿ ಒಪ್ಪಿಸಿದರಂತೆ.

ಅಂಗಡಿಯ ಗೋಡೆ ತುಂಬ ಮರದ ಅಚ್ಚುಗಳು. ಒಬ್ಬೊಬ್ಬ ಗಿರಾಕಿಯ ಪಾದಕ್ಕೂ ಒಂದೊಂದು ಜೊತೆ ಕೆತ್ತಿ ಮೊಳೆಗೆ ನೇತುಹಾಕಿರುತ್ತಾರೆ. ಪ್ರತಿ ಜೊತೆಗೂ ಒಂದು ಚೀಟಿ: 'ಎಡ ಹಿಮ್ಮಡಿ, ಚಳಿಗೆ', 'ಬಲ ಕಿರುಬೆರಳು, ಏನೂ ತಾಕಬಾರದು', 'ಅಂಗಾಲು ಉರಿ'. ಅಳತೆ ತೆಗೆಯುವ ಮುನ್ನ ನಮ್ಮನೆಯವರು ಕೈ ತೊಳೆದು, ಗಿರಾಕಿಯ ಮುಂದೆ ಮೊಣಕಾಲೂರಿ, ಪಾದವನ್ನು ಅಂಗೈಯಲ್ಲಿ ಇಟ್ಟುಕೊಂಡು, 'ಎಲ್ಲಿ ನೋಯುತ್ತೆ?' ಎಂದು ಮೆಲ್ಲಗೆ ಕೇಳುತ್ತಾರೆ. ಹೆಂಗಸರು ಅಷ್ಟಕ್ಕೇ ಕರಗಿಹೋಗುತ್ತಾರೆ. ಕಾಲಿನದ್ದು ಮುಗಿದ ಮೇಲೆ ಬೇರೆ ನೋವನ್ನೂ ಹೇಳಿಕೊಂಡು ಅತ್ತು ಹೋದವರಿದ್ದಾರೆ. ಊರಿನ ಅರ್ಧ ಹೆಂಗಸರಿಗೆ ಎಲ್ಲಿ ನೋಯುತ್ತದೆ ಎಂದು ಅವರಿಗೆ ಗೊತ್ತು.

ಆ ಗೋಡೆಯಲ್ಲಿ ನನ್ನ ಅಚ್ಚು ಇರಲಿಲ್ಲ. ನನಗೆಂದು ಅವರು ಒಂದು ಜೋಡೂ ಹೊಲಿದಿರಲಿಲ್ಲ. ನನ್ನ ಕಾಲಿಗೆ ರಬ್ಬರ್ ಚಪ್ಪಲಿ. ಕೇಳಿದಾಗಲೆಲ್ಲ, 'ನಿನಗ್ಯಾಕೆ? ವಾರಕ್ಕೊಂದು ಹೊಸ ಜೋಡು ಹಾಕ್ಕೊಂಡು ರಾಣಿ ಹಾಗೆ ಓಡಾಡ್ತೀಯಲ್ಲ' ಎನ್ನುತ್ತಿದ್ದರು.

ಹೀಗಿರುವಾಗ ನಾಟಕ ಕಂಪನಿಯ ನಿರ್ದೇಶಕ ತನ್ನ ನಟೀಮಣಿಯನ್ನು ಕರೆದುಕೊಂಡು ಅಂಗಡಿಗೆ ಬಂದ. ಅವನು ಕುತ್ತಿಗೆಗೆ ಉಣ್ಣೆಯ ಶಾಲು ಸುತ್ತಿಕೊಂಡಿದ್ದ. ಅವನು ತೋರಿಸಿದ ಚಿತ್ರದಲ್ಲಿ ಮೊಣಕಾಲಿನವರೆಗಿನ ಬೂಟು ಇತ್ತು. ಅದರೊಳಗೆ ಪಾದ ಮಲಗಿರಲಿಲ್ಲ, ನಿಂತಿತ್ತು. ಬ್ಯಾಲೆ ಕುಣಿಯುವವರು ಬೆರಳ ತುದಿಯ ಮೇಲೆ ನಿಲ್ಲುತ್ತಾರಲ್ಲ, ಹಾಗೆ ಸೀದಾ ಕೆಳಮುಖವಾಗಿ. ಹಿಮ್ಮಡಿಯ ಕೆಳಗೆ ಪಾದದಷ್ಟೇ ಉದ್ದದ ಒಂದು ಕಡ್ಡಿ. ಬ್ಯಾಲೆಯವರು ಒಂದು ಗಳಿಗೆ ನಿಂತು ಇಳಿಯುತ್ತಾರೆ. ಇದನ್ನು ಹಾಕಿಕೊಂಡವಳಿಗೆ ಇಳಿಯುವ ದಾರಿಯೇ ಇರಲಿಲ್ಲ.

'ಮೂರನೇ ಅಂಕದಲ್ಲಿ ಮಹಾರಾಣಿ ಅರಮನೆಯ ಮೆಟ್ಟಿಲಿಳಿದು ಬರ್ತಾಳೆ. ಅವಳಿಗೆ ಭೂಮಿ ಅಂದ್ರೆ ತಾತ್ಸಾರ. ತಾಕಿದರೆ ತುದಿಯಷ್ಟೇ ತಾಕಬೇಕು' ಎಂದು ನಿರ್ದೇಶಕ ಕಣ್ಣು ಮುಚ್ಚಿಕೊಂಡು ವಿವರಿಸಿದ.

'ತಾತ್ಸಾರ ಎಷ್ಟು ಬೇಕಾದ್ರೂ ಇರಲಿ, ನನಗೆ ನೋವಾಗಬಾರದು. ಹತ್ತಿ ಮೇಲೆ ನಡೆದ ಹಾಗಿರಬೇಕು' ಎಂದಳು ನಟೀಮಣಿ.

ನಮ್ಮನೆಯವರು ಎಂದಿನಂತೆ ಮೊಣಕಾಲೂರಿ, ಎಲ್ಲಿ ನೋಯುತ್ತೆ ಎಂದು ಕೇಳಿದರು. 'ನಾನು ಕಲಾವಿದೆ, ಎಲ್ಲಾ ಕಡೆ' ಎಂದು ಅವಳು ನಿಟ್ಟುಸಿರು ಬಿಟ್ಟಳು. ಅವರು ಅದನ್ನೂ ಚೀಟಿಯಲ್ಲಿ ಬರೆದುಕೊಂಡರು. ನಾನು ಬಾಗಿಲ ಸಂದಿಯಿಂದ ಆ ಚಿತ್ರ ನೋಡಿದೆ.

ಮಧ್ಯಾಹ್ನ ಊಟಕ್ಕೆ ಕೂತಾಗ ಕೇಳಿಯೇಬಿಟ್ಟೆ. 'ರೀ, ಅದನ್ನೂ ನಾನೇ ಹದ ಮಾಡಬೇಕಾ?'

'ಮತ್ತಿನ್ಯಾರು ಮಾಡ್ತಾರೆ?'

'ಹಾಗಾದ್ರೆ ಒಂದು ಮಾತು. ಅದು ಮುಗಿದ ಮೇಲೆ ನನ್ನ ಕಾಲಿಗೆ ಅಚ್ಚು ತೆಗೆದು, ನನಗೇ ಅಂತ ಒಂದು ಜೋಡು ಹೊಲಿದುಕೊಡಬೇಕು. ಚಪ್ಪಟೆಯದು. ನೆಲದ ಮೇಲೆ ಪಾದ ಪೂರ್ತಿ ಊರೋ ಅಂಥದ್ದು.'

'ಆಗಲಿ, ನೋಡೋಣ' ಎಂದರು. ಈ ಮನೆಯಲ್ಲಿ 'ಆಗಲಿ, ನೋಡೋಣ' ಎಂದರೆ ಆಗುವುದೂ ಇಲ್ಲ, ನೋಡುವುದೂ ಇಲ್ಲ. ಆದರೂ ನಾನು ಆಸೆ ಇಟ್ಟುಕೊಂಡೆ. ಆಸೆಗೇನು ಬಾಡಿಗೆಯೇ.

ನಮ್ಮನೆಯವರ ಕೆಲಸವನ್ನು ಹಳಿಯಲಾರೆ. ಮೈಯ ಭಾರವೆಲ್ಲ ಬೆರಳ ತುದಿಗೆ ಬಿದ್ದರೆ ಯಾವ ಬೆರಳೂ ಉಳಿಯುವುದಿಲ್ಲ ಎಂದು ಅವರಿಗೆ ಗೊತ್ತಿತ್ತು. ಹಾಗಾಗಿ ಬೂಟಿನೊಳಗೆ ಹಿಮ್ಮಡಿ ಕೂರಲು ಒಂದು ಸಣ್ಣ ಮೆಟ್ಟಿಲಿನಂಥದ್ದು ಮಾಡಿದರು. ಅರ್ಧ ಭಾರ ಹಿಂದಿನ ಕಡ್ಡಿಗೆ ಇಳಿಯಲಿ ಎಂದು ಉಕ್ಕಿನ ಪಟ್ಟಿ ಇಟ್ಟರು. ಮೀನಖಂಡದ ಸುತ್ತ ಲೇಸು ಬಿಗಿದರೆ ಕಾಲು ಬೂಟಿನೊಳಗೆ ಜಾರದೆ ನೇತಾಡಿಕೊಂಡು ನಿಲ್ಲುವಂತೆ ಒಳಗೆ ಮೆತ್ತೆ ಕಟ್ಟಿದರು. ಮೂತಿಯೊಳಕ್ಕೆ ಬೆಂಡಿನ ಪುಡಿಯನ್ನು ಅಂಟಿನಲ್ಲಿ ಕಲಸಿ ತುಂಬಿ, ಮೇಲೆ ಕುರಿಯ ಉಣ್ಣೆ ಹಾಸಿದರು. 'ಬೆಚ್ಚಗಾದ ಹಾಗೆ ಬೆಂಡು ಬೆರಳಿಗೆ ತಕ್ಕ ಹಾಗೆ ಕೂತ್ಕೊಳ್ಳುತ್ತೆ' ಎಂದು ಬೀಗಿದರು. ಯಾರ ಬೆರಳಿಗೆ ಎಂದು ಅವರೂ ಯೋಚಿಸಲಿಲ್ಲ, ನಾನೂ ಯೋಚಿಸಲಿಲ್ಲ. ನಮ್ಮ ಮನೆಯಲ್ಲಿ ಹದ ಮಾಡುವ ಕಾಲನ್ನು ಕಾಲು ಎಂದು ಯಾರೂ ಲೆಕ್ಕಕ್ಕೆ ಇಟ್ಟಿರಲಿಲ್ಲ.

ಮೊದಲ ಸಲ ಬೂಟು ಕಟ್ಟಿಕೊಂಡು ಎದ್ದಾಗ ನಾನು ಅಡುಗೆ ಕಟ್ಟೆಯನ್ನು ಎರಡು ಕೈಯಲ್ಲಿ ಹಿಡಿದುಕೊಂಡಿದ್ದೆ. ಆದರೂ ಬಿದ್ದೆ. ಎದ್ದು ನಿಂತೆ, ಈ ಸಲ ಮಸಾಲೆ ಡಬ್ಬಿಗಳನ್ನೂ ಸೇರಿಸಿಕೊಂಡು ಬಿದ್ದೆ. 'ನೆಟ್ಟಗೆ ನಿಂತ್ಕೊಳ್ಳೋಕೂ ಬರಲ್ವೇನೇ?' ಎಂದು ಅತ್ತೆ ಕುರ್ಚಿಯಲ್ಲಿ ಕೂತೇ ಕೇಳಿದರು. ನನ್ನ ಕಣ್ಣಲ್ಲಿ ನೀರು ಬಂತು, ಸಿಟ್ಟೂ ಬಂತು. ಸಿಟ್ಟು ಜಾಸ್ತಿ ಬಂದದ್ದರಿಂದ ಎದ್ದೆ.

ನಿಧಾನಕ್ಕೆ ಗುಟ್ಟು ಸಿಕ್ಕಿತು. ಮಂಡಿ ಬಗ್ಗಿಸಿದರೆ ಕೆಟ್ಟೆ. ಹೆಜ್ಜೆ ಉದ್ದ ಹಾಕಿದರೆ ಕೆಟ್ಟೆ. ಬೂಟು ಕಟ್ಟುವಾಗ ಕಾಲು ಚಾಚಿ, ಗಿಣ್ಣಿನ ಹತ್ತಿರ ಬಿಗಿಯಾಗಿ, ಮೇಲೆ ಸ್ವಲ್ಪ ಸಡಿಲವಾಗಿ ಕಟ್ಟಬೇಕು. ಸೊಂಟದಿಂದ ಕಾಲೆತ್ತಿ, ತುದಿ ಮತ್ತು ಕಡ್ಡಿ ಎರಡನ್ನೂ ಒಟ್ಟಿಗೆ ಊರಬೇಕು. ಕೆಳಗೆ ನೋಡಬಾರದು. ದಿನಾ ಸಾಯಂಕಾಲ ನಮ್ಮನೆಯವರು ಒಳಗೆ ಬಂದು, 'ಬೂಟಿಗೆ ಹೇಗಿದೆ?' ಎಂದು ವಿಚಾರಿಸುತ್ತಿದ್ದರು. ಬೂಟನ್ನು ಒತ್ತಿ, ತಟ್ಟಿ, ನನ್ನ ಕಾಲು ಅದರೊಳಗಿದೆ ಎನ್ನುವುದು ಮರೆತವರಂತೆ ತಿರುಗಿಸಿ ನೋಡುತ್ತಿದ್ದರು. ಬೂಟಿಗೆ ಚೆನ್ನಾಗಿಯೇ ಇತ್ತು. ನನ್ನ ಉಗುರು ಕಪ್ಪಾಗಿತ್ತು, ಅದನ್ನು ಅವರು ಕೇಳಲಿಲ್ಲ.

ಆದರೆ ಬೆಂಡು ಮಾತ್ರ ತನ್ನ ಕೆಲಸ ಮಾಡುತ್ತಿತ್ತು. ಒಂದು ದಿನ ಒಲೆಯ ಮೇಲಿನ ಹಾಲು ಉಕ್ಕಿತು. ನಾನು ವರಾಂಡದಿಂದ ಓಡಿಬಂದು ಒಲೆ ಆರಿಸಿದೆ. ಆರಿಸಿದ ಮೇಲೆ ಹೊಳೆಯಿತು, ಓಡಿಬಂದದ್ದು ಆ ಬೂಟಿನಲ್ಲಿ. ನೋವೇ ಇರಲಿಲ್ಲ. ಬೆರಳುಗಳು ತಮ್ಮ ತಮ್ಮ ಗುಳಿಯಲ್ಲಿ ಹಾಯಾಗಿ ಕೂತಿದ್ದವು. ಆ ಎತ್ತರದಿಂದ ಬೀರುವಿನ ಮೇಲಿನ ಧೂಳು ಕಂಡಿತು, ಅತ್ತೆಯ ನೆತ್ತಿಯೂ ಕಂಡಿತು. ಅತ್ತೆ ಏನೋ ಬೈಯಲು ಬಾಯಿ ತೆರೆದರು. ಕತ್ತೆತ್ತಿ ಬೈದು ಅಭ್ಯಾಸವಿಲ್ಲದೆ ಸುಮ್ಮನಾದರು. ನನಗೆ ಎಷ್ಟು ಖುಷಿಯಾಯಿತೆಂದರೆ, ಧೂಳನ್ನು ಒರೆಸದೆ ಹಾಗೇ ಬಿಟ್ಟೆ.

'ಹದ ಆಯ್ತು' ಎಂದು ಬೂಟು ಕಳಚಿಕೊಟ್ಟೆ. ನನ್ನ ಜೋಡಿನ ಮಾತೆತ್ತಿದೆ. 'ಇದೊಂದು ದಾಟಲಿ' ಎಂದರು ನಮ್ಮನೆಯವರು.

ನಾಟಕಕ್ಕೆ ಇನ್ನೇನು ಎರಡು ದಿನ ಇದೆ ಎನ್ನುವಾಗ ನಟೀಮಣಿ ಬಂದಳು. ಕೂತು ಬೂಟು ಹಾಕಿಸಿಕೊಂಡಳು. 'ಅಯ್ಯೋ, ಹತ್ತಿ!' ಎಂದು ಕಣ್ಣರಳಿಸಿದಳು. ನಿರ್ದೇಶಕ ಚಪ್ಪಾಳೆ ತಟ್ಟಿದ. ಅವಳು ಎದ್ದು ನಿಂತಳು. ಮರುಗಳಿಗೆಗೆ ಬೀದಿಯ ಆಚೆ ಕಡೆಯ ಹಜಾಮನ ಅಂಗಡಿಯವರೂ ಹೊರಗೆ ಬಂದು ನೋಡುವ ಹಾಗೆ ಕಿರುಚಿದಳು.

'ಕಚ್ಚುತ್ತೆ! ಇದು ಕಚ್ಚುತ್ತೆ!'

ನಮ್ಮನೆಯವರ ಜೀವಮಾನದಲ್ಲಿ ಆ ಮಾತು ಅವರ ಅಂಗಡಿಯಲ್ಲಿ ಯಾರೂ ಆಡಿರಲಿಲ್ಲ. ಅವರ ಮುಖ ಬಿಳಿಚಿಕೊಂಡಿತು. ಬೂಟು ಕಳಚಿ ಒಳಗೆ ಬೆರಳಾಡಿಸಿ ನೋಡಿದರು. ಮಾಮೂಲಿ ಬೂಟಿನಲ್ಲಿ ನನ್ನ ಕಾಲು ಚರ್ಮವನ್ನು ಮೆತ್ತಗೆ ಮಾಡುತ್ತದೆ, ಅಷ್ಟೇ. ಇದರಲ್ಲಿ ನನ್ನ ಮೈಭಾರ ಬೆಂಡಿನ ಮೇಲೆ ಕೂತು, ನನ್ನ ಐದೂ ಬೆರಳು ಅಲ್ಲಿ ಗೂಡು ಕಟ್ಟಿಬಿಟ್ಟಿದ್ದವು. ಪಕ್ಕದ ಉದ್ದ ಬೆರಳಿನ ಗುಳಿ ಎಲ್ಲಕ್ಕಿಂತ ಆಳ. ಅಲ್ಲಿ ನಟೀಮಣಿಯ ಬೆರಳು ಗಾಳಿಯಲ್ಲಿ ತೇಲುತ್ತಿತ್ತು. ಅವಳ ಭಾರವೆಲ್ಲ ಹೆಬ್ಬೆರಳ ಉಗುರಿಗೆ ಬೀಳುತ್ತಿತ್ತು. ಕೂತಾಗ ಹತ್ತಿ, ನಿಂತಾಗ ಹಲ್ಲು.

'ಇದು ಯಾರಿಗೂ ಆಗಲ್ಲ, ನನ್ನ ಹೆಂಡ್ತಿಗೆ ಬಿಟ್ರೆ' ಎಂದರು ನಮ್ಮನೆಯವರು, ತಲೆ ಮೇಲೆ ಕೈ ಹೊತ್ತು.

ನಿರ್ದೇಶಕ ಹಿಂಬಾಗಿಲಿನಲ್ಲಿ ನಿಂತಿದ್ದ ನನ್ನನ್ನು ಮೊದಲ ಸಲ ನೋಡಿದ. ನನ್ನನ್ನು ಎಂದರೆ, ನೆಲದಿಂದ ಮೊಣಕಾಲಿನವರೆಗೆ. 'ನಡೆದು ತೋರ್ಸಮ್ಮ' ಎಂದ. ಬೂಟು ಕಟ್ಟಿಕೊಂಡು ನಡೆದೆ. ಅಂಗಡಿಯ ಮೆಟ್ಟಿಲು ಇಳಿದು, ಹತ್ತಿ, ತಿರುಗಿ ಬಂದೆ. ಅವನ ಕಣ್ಣುಗಳು ಮತ್ತೆ ಮುಚ್ಚಿಕೊಂಡವು. 'ಪರದೆ ಪೂರ್ತಿ ಏಳೋದು ಬೇಡ' ಎಂದ. 'ಮೊಣಕಾಲಿನ ಮಟ್ಟಕ್ಕೆ ಎದ್ದು ನಿಲ್ಲಲಿ. ಪ್ರಜೆಗಳಿಗೆ ರಾಣಿಯ ಮುಖ ಕಾಣಬಾರದು, ಪಾದ ಮಾತ್ರ ಕಾಣಬೇಕು. ಆಹಾ, ಇದನ್ನೇ ನಾನು ಮೊದಲಿಂದ ಹುಡುಕ್ತಿದ್ದೆ!'

ಹಾಗೆ ಮೂರನೇ ಅಂಕದಲ್ಲಿ ನಾನು ರಾಣಿಯ ಪಾದವಾದೆ. ನಟೀಮಣಿ ಪರದೆಯ ಹಿಂದೆ ಕುರ್ಚಿ ಹಾಕಿಸಿಕೊಂಡು, ಬಟ್ಟೆಯ ಚಪ್ಪಲಿಯಲ್ಲಿ ಕಾಲು ತೂರಿಸಿಕೊಂಡು ಮಾತು ಹೇಳುತ್ತಿದ್ದಳು. ನಾನು ಮೆಟ್ಟಿಲು ಇಳಿಯುತ್ತಿದ್ದೆ. ಸಭಾಂಗಣ ಉಸಿರು ಬಿಗಿಹಿಡಿದಿತ್ತು. ಸುಳ್ಳು ಯಾಕೆ ಹೇಳಲಿ, ಆ ಮೌನ ನನ್ನ ಕಾಲಿಗೆ ಎಂದು ಗೊತ್ತಾದಾಗ ಎದೆ ತುಂಬಿ ಬಂತು. ನಡುವೆ ಒಂದು ಮೆಟ್ಟಿಲಲ್ಲಿ ಮೊಳೆ ಎದ್ದಿತ್ತು, ಅಲ್ಲಿ ಮಾತ್ರ ಸ್ವಲ್ಪ ತಡವರಿಸಿದೆ.

ಮರುದಿನದ ಪತ್ರಿಕೆಯಲ್ಲಿ ವಿಮರ್ಶಕರು ಆ ತಡವರಿಸಿದ್ದರ ಬಗ್ಗೆಯೇ ಅರ್ಧ ಪುಟ ಬರೆದಿದ್ದರು. 'ಆ ಒಂದು ಹೆಜ್ಜೆಯಲ್ಲಿ ಸಾಮ್ರಾಜ್ಯವೊಂದರ ಏಕಾಂತ ನಡುಗಿತು' ಎಂದಿತ್ತು. ಹೊಗಳಿಕೆಯೆಲ್ಲ ನಟೀಮಣಿಗೆ. ಅವಳು ಸಂದರ್ಶನ ಕೊಟ್ಟಳು. ತಾನು ಹೇಗೆ ತಿಂಗಳುಗಟ್ಟಲೆ ಆ ಬೂಟಿನಲ್ಲೇ ಮಲಗಿ ಎದ್ದೆ, ಹೇಗೆ ಅದು ಕೊನೆಗೆ ಹತ್ತಿಯಂತಾಯಿತು ಎಂದು ವರ್ಣಿಸಿ, 'ನೋವು ಇರುವುದು ಮನಸ್ಸಿನಲ್ಲಿ, ಕಾಲಿನಲ್ಲಲ್ಲ' ಎಂದಿದ್ದಳು. ಅವಳ ಮಟ್ಟಿಗೆ ಅದು ನಿಜವೇ, ಕಾಲು ನನ್ನದಾಗಿತ್ತಲ್ಲ. ನಮ್ಮನೆಯವರು ಆ ಪುಟವನ್ನು ಕತ್ತರಿಸಿ ಅಚ್ಚುಗಳ ಪಕ್ಕದಲ್ಲಿ ಅಂಟಿಸಿದರು. ಪುಟ ಅಂಟಿಸಲು ಗೋಡೆಯಲ್ಲಿ ಜಾಗವಿತ್ತು.

ಆಮೇಲೆ ಶುರುವಾಯಿತು ನೋಡಿ. ಊರಿನ ಸಿರಿವಂತ ಹೆಂಗಸರೆಲ್ಲ ಅಂಗಡಿಯ ಮುಂದೆ ಸಾಲು ನಿಂತರು. ಎಲ್ಲರಿಗೂ ಅದೇ ಬೂಟು, ಅದೇ ಹತ್ತಿ. ನಮ್ಮನೆಯವರಿಗೆ ಬುದ್ಧಿ ಬಂದಿತ್ತು ಎಂದುಕೊಂಡಿರಾ? ಬಂದಿರಲಿಲ್ಲ. 'ಅವರವರೇ ಹದ ಮಾಡ್ಕೊಳ್ಳಲಿ' ಎಂದರೆ, 'ಗಿರಾಕಿ ಕಾಲಿಗೆ ಹಸಿ ಬೂಟು ಕೊಡೋದಾ? ಅಪ್ಪನ ಕಾಲದಿಂದ ಬಂದ ಪದ್ಧತಿ' ಎಂದರು. ಜೋಡಿಯ ಮೇಲೆ ಜೋಡಿ ಅಡುಗೆಮನೆಗೆ ಬಂತು. ಊರ ಹೆಂಗಸರ ಬೂಟುಗಳಲ್ಲೆಲ್ಲ ನನ್ನ ಉದ್ದ ಬೆರಳು ಗುಳಿ ತೋಡಿತು.

ಕಚ್ಚುತ್ತದೆ ಎಂದು ಒಬ್ಬರೂ ವಾಪಸ್ಸು ತರಲಿಲ್ಲ. ಹೇಗೆ ತರುತ್ತಾರೆ? ಹತ್ತಿಯಂತಿದೆ ಎಂದು ನಟೀಮಣಿ ಪತ್ರಿಕೆಯಲ್ಲಿ ಹೇಳಿದ ಮೇಲೆ ಕಚ್ಚುತ್ತದೆ ಎನ್ನುವುದು ಕಾಲಿನ ಸಂಸ್ಕಾರವೇ ಸರಿಯಿಲ್ಲ ಎಂದು ಒಪ್ಪಿಕೊಂಡ ಹಾಗೆ. ಹಾಗಾಗಿ ಎಲ್ಲರೂ ಕೂತರು. ಕೂತಾಗ ಬೂಟು ನಿಜಕ್ಕೂ ಹಾಯಾಗಿತ್ತು. ಔತಣಕೂಟಗಳಲ್ಲಿ ಹೆಂಗಸರು ಗೋಡೆಯುದ್ದಕ್ಕೂ ಕಾಲು ಚಾಚಿ ಕೂತು, ಎಷ್ಟು ಆರಾಮ, ಎಷ್ಟು ಆರಾಮ ಎಂದು ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಿದ್ದರು. ಕಾರಿನಿಂದ ಕುರ್ಚಿಗೆ, ಕುರ್ಚಿಯಿಂದ ಕಾರಿಗೆ ಗಂಡಂದಿರು ಎತ್ತಿಕೊಂಡು ಓಡಾಡಿದರು. ಅವರ ಸೊಂಟ ಹಿಡಿದುಕೊಂಡಿತು. ನ್ಯಾಯಾಧೀಶರ ಹೆಂಡತಿಯಂತೂ, 'ಇವರು ನನ್ನನ್ನು ಎತ್ತಿಕೊಂಡು ಎಷ್ಟು ವರ್ಷವಾಗಿತ್ತು' ಎಂದು ನಮ್ಮ ಅಂಗಡಿಯಲ್ಲೇ ಕಣ್ಣೊರೆಸಿಕೊಂಡರು.

ಅಷ್ಟರಲ್ಲಿ ರಾಣಿಯ ಬೂಟಿನ ತುದಿ ಸವೆಯಿತು. ಕಂಪನಿ ಬೇರೆ ಊರುಗಳಿಗೆ ಹೊರಡುವುದಿತ್ತು. ನಿರ್ದೇಶಕ ಬಂದು ಹೊಸ ಜೋಡು ಬೇಕೆಂದು ಕೂತ. ನಮ್ಮನೆಯವರು ಅಭ್ಯಾಸದಂತೆ ನಟೀಮಣಿಯ ಅಚ್ಚಿಗೆ ಕೈ ಹಾಕಿದವರು ಹಾಗೇ ನಿಂತರು. ಆ ಬೂಟಿನಲ್ಲಿ ಅವಳು ನಡೆಯುವುದಿಲ್ಲ. ನಡೆಯುವವಳ ಅಚ್ಚು ಗೋಡೆಯಲ್ಲಿಲ್ಲ.

ನಾನು ಹಿಂಬಾಗಿಲಿನಲ್ಲಿ ನಿಂತಿದ್ದೆ. 'ನಾನು ನಡೆಯಲ್ಲ' ಎಂದೆ.

'ಏನಮ್ಮ ಹೀಗಂದ್ರೆ? ಕಲೆ ಕಾಯ್ತಾ ಇದೆ' ಎಂದ ನಿರ್ದೇಶಕ.

'ಕಾಯಲಿ. ಕುರ್ಚಿ ಹಾಕಿ ಕೂರ್ಸಿ ಅದನ್ನೂ' ಎಂದೆ. ನಮ್ಮನೆಯವರ ಕಡೆ ತಿರುಗಿದೆ. 'ನೀವು ಮಾತು ಕೊಟ್ಟಿದ್ರಿ. ಮೊದಲು ನನ್ನ ಅಚ್ಚು, ನನ್ನ ಚಪ್ಪಟೆ ಜೋಡು. ಆಮೇಲೆ ನಿಮ್ಮ ರಾಣಿ.'

'ಅದಕ್ಕೇನೀಗ, ಒಳಗೇ ನಿಂತ್ಕೋ, ಹಾಗೇ ಒಂದು ಅಳತೆ ತಗೊಂಡುಬಿಡ್ತೀನಿ...'

'ಹಾಗೇ ಅಲ್ಲ. ಗಿರಾಕಿಗೆ ಹೇಗೆ ತಗೋತೀರೋ ಹಾಗೆ.'

ಹಿತ್ತಲಿನಿಂದ ಸುತ್ತಿ ಬೀದಿಗೆ ಬಂದು ಮುಂಬಾಗಿಲಿನಿಂದ ಅಂಗಡಿಗೆ ಹತ್ತಿದೆ. ಗಿರಾಕಿಗಳ ಮೆತ್ತೆ ಕುರ್ಚಿಯಲ್ಲಿ ಕೂತೆ. ಅದರಲ್ಲಿ ನಾನು ಅಲ್ಲಿಯವರೆಗೂ ಕೂತಿರಲಿಲ್ಲ, ಒರೆಸಿದ್ದೆ ಅಷ್ಟೇ. ರಬ್ಬರ್ ಚಪ್ಪಲಿ ಬಿಟ್ಟು ಕಾಲು ಮುಂದಿಟ್ಟೆ. ನಮ್ಮನೆಯವರು ನಿರ್ದೇಶಕನ ಮುಖ ನೋಡಿದರು, ಒಳಗಿನ ಬಾಗಿಲು ನೋಡಿದರು. ಬೇರೆ ದಾರಿ ಕಾಣದೆ ಕೈ ತೊಳೆದುಕೊಂಡು ಬಂದರು. ಮೊಣಕಾಲೂರಿದರು. ನನ್ನ ಪಾದವನ್ನು ಅಂಗೈಯಲ್ಲಿ ಇಟ್ಟುಕೊಂಡು ತಿರುಗಿಸಿ ನೋಡಿದರು. ಕಪ್ಪಾದ ಉಗುರು, ಹಿಮ್ಮಡಿಯ ಹಳೆಯ ಗಾಯದ ಗುರುತು, ಬೆರಳ ಬುಡದ ಗಂಟು. ಇಷ್ಟು ವರ್ಷ ಒಂದೇ ಮನೆಯಲ್ಲಿ ಓಡಾಡಿದ ಕಾಲು; ಅವರು ಅದನ್ನು ಅವತ್ತೇ ನೋಡಿದ್ದು.

ಆಮೇಲೆ ಅಭ್ಯಾಸಬಲದಿಂದ ಅವರ ಬಾಯಿಯಿಂದ ಆ ಮಾತು ಬಂದೇಬಿಟ್ಟಿತು.

'ಎಲ್ಲಿ ನೋಯುತ್ತೆ?'

ಕೇಳಿದ ಮೇಲೆ ಅವರೇ ಬೆಚ್ಚಿದರು. ಖಾರವಾದ ಉತ್ತರಗಳನ್ನು ನಾನು ವರ್ಷಗಟ್ಟಲೆ ಕೂಡಿಟ್ಟುಕೊಂಡಿದ್ದೆ. ಒಂದೂ ನಾಲಿಗೆಗೆ ಬರಲಿಲ್ಲ. ಅವರು ಪೆನ್ಸಿಲ್ ಹಿಡಿದು, ಸಣ್ಣ ಚೀಟಿ ಮಡಿಲಲ್ಲಿಟ್ಟುಕೊಂಡು ಕಾಯುತ್ತ ಕೂತಿದ್ದರು.

'ಆ ಚೀಟಿ ಸಾಲಲ್ಲ' ಎಂದೆ ಕೊನೆಗೆ. 'ದೊಡ್ಡ ಕಾಗದ ತಗೊಳ್ಳಿ.'

ತೆಗೆದುಕೊಂಡರು. ನಾನು ಹೇಳತೊಡಗಿದೆ. ಎಡ ಹಿಮ್ಮಡಿ, ಅದು ಆ ಮದುಮಗಳದ್ದು. ಬಲ ಕಿರುಬೆರಳು, ನ್ಯಾಯಾಧೀಶರ ಹೆಂಡತಿಯದ್ದು. ಅಂಗಾಲಿನ ಉರಿ ಬ್ಯಾಂಕಿನ ಮೇಡಂದು. ಒಂದೊಂದು ಹೆಸರಿಗೂ ಅವರು ಕತ್ತೆತ್ತಿ ಗೋಡೆಯ ಆ ಅಚ್ಚನ್ನು ನೋಡುತ್ತಿದ್ದರು, ಮತ್ತೆ ತಲೆ ತಗ್ಗಿಸಿ ಬರೆಯುತ್ತಿದ್ದರು. ನಿರ್ದೇಶಕ ಗಡಿಯಾರ ನೋಡಿಕೊಂಡು ಕೆಮ್ಮಿದ. ಯಾರೂ ಅವನತ್ತ ತಿರುಗಲಿಲ್ಲ.

ಒಳಗೆ ಪಾತ್ರೆಯ ಸದ್ದು ಯಾವಾಗ ನಿಂತಿತ್ತೋ ಗೊತ್ತಿಲ್ಲ. ಅತ್ತೆ ಗೋಡೆ ಹಿಡಿದುಕೊಂಡು ಮೆಲ್ಲಗೆ ಅಂಗಡಿಗೆ ಬಂದರು. ನನ್ನ ಪಕ್ಕದ ಬೆಂಚಿನಲ್ಲಿ ಕೂತು, ಒಂದೊಂದೇ ಚಪ್ಪಲಿ ಕಳಚಿ, ಗಂಟುಗಂಟಾದ ಪಾದಗಳನ್ನು ನನ್ನ ಪಾದದ ಪಕ್ಕಕ್ಕೆ ಚಾಚಿದರು.

'ಅವಳದ್ದು ಪೂರ್ತಿ ಬರ್ಕೊಳ್ಳೋ, ಅವಸರ ಮಾಡ್ಬೇಡ' ಎಂದರು ಮಗನಿಗೆ. 'ಆಮೇಲೆ ನನ್ನದು. ನಿಮ್ಮಪ್ಪ ಕೇಳಲೇ ಇಲ್ಲ.'

ನಮ್ಮನೆಯವರು ಪೆನ್ಸಿಲ್ ಚೂಪು ಮಾಡಿಕೊಂಡು ಕಾಗದ ಮಗುಚಿದರು.